ಗೂಗಲ್‌ನಲ್ಲಿ ಮೊದಲು ಬಂದರೆ ದ್ರಾಕ್ಷಿ ಮಾರಾಟ ಆಗುತ್ತಾ?

ಇವತ್ತಿಂದು ಸ್ವಲ್ಪ ಉದ್ದ ಐತೆ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಕೂತು ಓದಿ.

ಬೆಳಿಗ್ಗೆ ತೋಟದಲ್ಲಿ ಚಿಗುರು ತಂತಿಗೆ ಕಟ್ಟುತ್ತಾ ಇದ್ದೆ. ನಮ್ಮ ರೈತರ ಗುಂಪಿನಿಂದ ಫೋನ್ ಬಂತು. "ಅಣ್ಣ, ಭಾನುವಾರ ಮೀಟಿಂಗಿಗೆ ಎರಡು ಸಾವಿರ ತಗೊಂಡು ಬಾ. ಎಲ್ರೂ ಹಾಕ್ತಾವ್ರೆ. ವೆಬ್‌ಸೈಟ್ ಮಾಡಿಸಿ ಎಸ್‌ಇಒ ಮಾಡಿಸ್ತೀವಿ, ಗೂಗಲ್‌ನಲ್ಲಿ ಫಸ್ಟ್ ಪೇಜ್ ಗ್ಯಾರಂಟಿ ಅಂತೆ." ಅರವತ್ತು ಜನ, ತಲೆಗೆ ಎರಡು ಸಾವಿರ, ಒಟ್ಟು 1,20,000 ರೂಪಾಯಿ. ನಾನು ಆಗಲಿ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಫೋನಿನಲ್ಲಿ ಹೇಳಿದರೆ ಜಗಳ ಆಗುತ್ತೆ ಅಂತ ಇಲ್ಲಿ ಬರೀತಾ ಇದೀನಿ. ಭಾನುವಾರ ಬರುವ ಮುಂಚೆ ಅರವತ್ತು ಜನವೂ ಇದನ್ನು ಓದಲಿ. ಯಾಕಂದ್ರೆ ಈ ಬೋರ್‌ವೆಲ್ ನಾನು ಒಂದ್ಸಲ ಕೊರೆಸಿದ್ದೀನಿ.

ಎಸ್‌ಇಒ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸರ್ಚ್ ಇಂಜಿನ್ ಆಪ್ಟಿಮೈಸೇಶನ್ ಅಂತ. ಯಾರೋ ಒಬ್ಬರು ಗೂಗಲ್‌ನಲ್ಲಿ "ದ್ರಾಕ್ಷಿ" ಅಂತ ಹುಡುಕಿದರೆ ನೂರಾರು ಪುಟಗಳ ಹಿಂದೆ ಇರುವ ನಮ್ಮ ಪುಟವನ್ನ ಮುಂದಕ್ಕೆ ತರುವ ಕೆಲಸ. ದುಡ್ಡು ಕೊಟ್ಟು ಹಾಕಿಸೋ ಜಾಹೀರಾತು ಬೇರೆ. ಅದರ ಮೇಲೆ "ಸ್ಪಾನ್ಸರ್ಡ್" ಅಂತ ಬರೆದಿರುತ್ತೆ, ದುಡ್ಡು ನಿಲ್ಲಿಸಿದ ದಿನ ಅದೂ ನಿಲ್ಲುತ್ತೆ. ಎಸ್‌ಇಒದಲ್ಲಿ ಗೂಗಲ್‌ಗೆ ದುಡ್ಡು ಹೋಗಲ್ಲ, ಮಾಡಿಕೊಡುವವನಿಗೆ ಹೋಗುತ್ತೆ. ಇದು ನೆನಪಿರಲಿ.

ನನ್ನ ಕಥೆ ಹೇಳ್ತೀನಿ. 2020ರ ಲಾಕ್‌ಡೌನ್ ನಿಮಗೆಲ್ಲಾ ನೆನಪಿರುತ್ತೆ. ತೋಟದಲ್ಲಿ ದಿಲ್‌ಕುಶ್ ಹಣ್ಣಾಗಿ ನೇತಾಡ್ತಾ ಇತ್ತು, ವ್ಯಾಪಾರಿ ಫೋನ್ ಎತ್ತುತ್ತಿರಲಿಲ್ಲ. ಆಗ ಬೆಂಗಳೂರಿನಲ್ಲಿರೋ ನಮ್ಮ ತಂಗಿ ಮಗ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದ. ಪಾಸ್ ಮಾಡಿಸಿಕೊಂಡು ಬಾಡಿಗೆ ಟೆಂಪೋದಲ್ಲಿ ನಾಲ್ಕು ಟ್ರಿಪ್ ಹೊಡೆದು ಸುಮಾರು ಮೂರು ಟನ್ ನಾನೇ ಮಾರಿದೆ. ಮಧ್ಯದಲ್ಲಿ ಯಾರೂ ಇಲ್ಲ, ಕೈಗೆ ಕಾಸು. ಆ ರುಚಿ ಹತ್ತಿಬಿಡ್ತು. ಇನ್ನು ಮೇಲೆ ಹಿಂಗೇ ಮಾರಬೇಕು ಅಂತ ತಲೆಯಲ್ಲಿ ಕೂತಿತ್ತು. 2022ರಲ್ಲಿ ಯುಗಾದಿ ಆದ ಮೇಲೆ ಒಬ್ಬ ಹುಡುಗ ಬೈಕಿನಲ್ಲಿ ಮನೆ ಹತ್ರ ಬಂದ. ಕಂಪನಿ ಹೆಸರು ಬೇಡ ಬಿಡಿ. ಒಳ್ಳೆ ಮಾತುಗಾರ, ನಮ್ಮ ಹೆಂಗಸರಿಗೆ ತೆಲುಗಲ್ಲಿ, ನನಗೆ ಕನ್ನಡದಲ್ಲಿ. ವೆಬ್‌ಸೈಟ್‌ಗೆ 12,000, ಎಸ್‌ಇಒಗೆ ತಿಂಗಳಿಗೆ 2,500, ಒಂದು ವರ್ಷ. ಒಟ್ಟು 42,000. ಆಗ ತಾನೇ ಶಿಡ್ಲಘಟ್ಟದಲ್ಲಿ ಗೂಡು ಮಾರಿಕೊಂಡು ಬಂದಿದ್ದೆ. ನೂರು ಮೊಟ್ಟೆ ಮೇಯಿಸಿದ್ದ ದುಡ್ಡು ಪೂರ್ತಿ ಅದಕ್ಕೇ ಹೋಯ್ತು, ಸಾಲದ್ದಕ್ಕೆ ಮೇಲಷ್ಟು ಸೇರಿಸಿದೆ.

ತೋಟಕ್ಕೆ ನಮ್ಮ ಅಮ್ಮನ ಹೆಸರು. ವೆಬ್‌ಸೈಟ್‌ಗೂ ಅದೇ ಹೆಸರು ಇಡಿಸಿದೆ.

ಎರಡು ತಿಂಗಳಾದ ಮೇಲೆ ಹುಡುಗ ಬಂದು ಮೊಬೈಲ್ ತೋರಿಸಿದ. "ನೋಡಿ ಸಾರ್, ಫಸ್ಟ್!" ನಿಜವಾಗಲೂ ನಮ್ಮ ತೋಟವೇ ಮೇಲೆ ಬಂದಿತ್ತು. ನಾನು ಊರಿಗೆಲ್ಲಾ ತೋರಿಸಿಕೊಂಡು ಬಂದೆ, ಡೇರಿ ಸೆಕ್ರೆಟರಿಗೂ ತೋರಿಸಿದೆ. ಡಿಗ್ರಿ ಓದೋ ನನ್ನ ಮಗಳು ಒಂದೇ ಪ್ರಶ್ನೆ ಕೇಳಿದಳು. "ಅಪ್ಪ, ಅವರು ಏನು ಟೈಪ್ ಮಾಡಿ ಹುಡುಕಿದ್ರು?" ನೋಡಿದರೆ ನಮ್ಮ ತೋಟದ ಹೆಸರನ್ನೇ ಟೈಪ್ ಮಾಡಿದ್ದ! ಆ ಹೆಸರಿನ ತೋಟ ಇರೋದೇ ಒಂದು. ನಮ್ಮ ತಾತನ ಹೆಸರು ಕೂಗಿ ಇವರ ಮೊಮ್ಮಗ ಯಾರು ಅಂದ್ರೆ ನಾನೇ ತಾನೇ ಕೈ ಎತ್ತೋದು? ನಮ್ಮ ಹೆಸರು ಆಗಲೇ ಗೊತ್ತಿದ್ದು ಹುಡುಕುವವನಿಗೆ ನಮ್ಮನ್ನ ತೋರಿಸೋಕೆ ತಿಂಗಳಿಗೆ 2,500 ಯಾಕೆ ಬೇಕು? ನಮ್ಮ ಹೆಸರೇ ಗೊತ್ತಿಲ್ಲದವನು, ದ್ರಾಕ್ಷಿ ಬೇಕು ಅಂತ ಹುಡುಕುವವನು, ಅವನ ಕಣ್ಣಿಗೆ ಬೀಳಬೇಕಾಗಿದ್ದು. ಮಗಳು ತನ್ನ ಫೋನಿನಲ್ಲಿ ಬರೀ "ಚಿಕ್ಕಬಳ್ಳಾಪುರ ದ್ರಾಕ್ಷಿ" ಅಂತ ಹಾಕಿದಳು. ಮೂರು ಪುಟ ತಿರುಗಿಸಿದರೂ ನಾವಿಲ್ಲ.

ಭಾನುವಾರ ಆ ಕಂಪನಿಯವರು ಪರದೆ ಮೇಲೆ ಏನಾದರೂ "ಫಸ್ಟ್" ಅಂತ ತೋರಿಸಿದರೆ ದಯವಿಟ್ಟು ಯಾರಾದರೂ ಎದ್ದು ನಿಂತು ಇದೊಂದು ಕೇಳಿ: ಹುಡುಕಿದ ಪದ ಯಾವುದು, ಆ ಪದವನ್ನ ಯಾವ ಗಿರಾಕಿ ಹುಡುಕ್ತಾನೆ?

ಒಳಗೆ ಅವರು ಮಾಡಿದ್ದೇನು ಅಂತ ಆಮೇಲೆ ಕೂತು ನೋಡಿದೆವು. ಮುಖಪುಟದಲ್ಲಿ ಹಸಿರು ಬಣ್ಣದ ಉದ್ದುದ್ದ ದ್ರಾಕ್ಷಿ ಫೋಟೋ, ಯಾವ ದೇಶದ್ದೋ. ನಾನು ಬೆಳೆಯೋದು ಬೆಂಗಳೂರು ಬ್ಲೂ ಮತ್ತೆ ದಿಲ್‌ಕುಶ್. ಬೆಂಗಳೂರು ಬ್ಲೂ ಕಪ್ಪಗೆ ದುಂಡಗೆ ಇರುತ್ತೆ, ಮಗುವಿಗೂ ಗೊತ್ತು. ಕೆಳಗೆ "ನೂರಕ್ಕೆ ನೂರು ಸಾವಯವ" ಅಂತ ಇಂಗ್ಲಿಷಲ್ಲಿ. ನಾನು ಔಷಧಿ ಹೊಡೀತೀನಿ, ಮುಚ್ಚಿಡೋದೇನಿಲ್ಲ. ನೋಡಿ ನಾಚಿಕೆ ಆಯ್ತು. ಪುಟದ ಬುಡದಲ್ಲಿ ಬಿಳಿ ಹಿನ್ನೆಲೆ ಮೇಲೆ ಬಿಳಿ ಅಕ್ಷರದಲ್ಲಿ ಅರವತ್ತು ಎಪ್ಪತ್ತು ಪದ ತುಂಬಿದ್ದರು, "ಬೆಸ್ಟ್ ದ್ರಾಕ್ಷಿ ಬೆಂಗಳೂರು, ಬೆಸ್ಟ್ ದ್ರಾಕ್ಷಿ ಕರ್ನಾಟಕ" ಅಂತ. ಓದೋನ ಕಣ್ಣಿಗೆ ಕಾಣಬಾರದು, ಗೂಗಲ್ ಯಂತ್ರಕ್ಕೆ ಮಾತ್ರ ಕಾಣಬೇಕು ಅನ್ನೋ ಲೆಕ್ಕ. ಇನ್ನು "ಕೀವರ್ಡ್ ಟ್ಯಾಗ್" ಅಂತ ಬಿಲ್ಲಿನಲ್ಲಿ ಬೇರೆ ಸಾಲು ಹಾಕಿ ದುಡ್ಡು ತಗೊಂಡಿದ್ದರು. ಮೇಲೆ ಬರೋದಕ್ಕೆ ಆ ಟ್ಯಾಗನ್ನ ನಾವು ನೋಡೋದೇ ಇಲ್ಲ ಅಂತ ಗೂಗಲ್‌ನವರೇ 2009ರಲ್ಲಿ ಬಾಯಿ ಬಿಟ್ಟು ಹೇಳಿದ್ದಾರೆ. ನನ್ನ ಹತ್ರ ಅದಕ್ಕೆ ದುಡ್ಡು ತಗೊಂಡಿದ್ದು 2022ರಲ್ಲಿ.

ಅದಕ್ಕಿಂತ ದೊಡ್ಡ ತಮಾಷೆ ಊರಿನ ಪುಟಗಳು. "ಗೌರಿಬಿದನೂರಿನಲ್ಲಿ ತಾಜಾ ದ್ರಾಕ್ಷಿ", "ಚಿಂತಾಮಣಿಯಲ್ಲಿ ತಾಜಾ ದ್ರಾಕ್ಷಿ", "ಶಿಡ್ಲಘಟ್ಟದಲ್ಲಿ ತಾಜಾ ದ್ರಾಕ್ಷಿ", ಹೊಸಕೋಟೆ, ದೇವನಹಳ್ಳಿ, ಹಿಂದೂಪುರ. ಸುಮಾರು ನಲವತ್ತು ಪುಟ, ಊರಿನ ಹೆಸರು ಮಾತ್ರ ಬೇರೆ, ಮಿಕ್ಕಿದ್ದೆಲ್ಲಾ ಅಕ್ಷರಕ್ಕೆ ಅಕ್ಷರ ಒಂದೇ. ನನಗಿರೋದು ನಂದಿ ಹೋಬಳಿಯಲ್ಲಿ ಎರಡು ಎಕರೆ ಹತ್ತು ಗುಂಟೆ. ಹಿಂದೂಪುರದಲ್ಲಿ ಯಾವಾಗ ತೋಟ ಮಾಡಿದೆ ನಾನು? ಇಂಥ ಪುಟಗಳು ಮೋಸ ಅಂತ ಗೂಗಲ್ ತನ್ನ ನಿಯಮದಲ್ಲೇ ಬರೆದಿದೆ. ಗೂಗಲ್‌ಗೊಂದು ಪುಟ, ಗಿರಾಕಿಗೊಂದು ಪುಟ ತೋರಿಸೋ ಇಂಥದೇ ಆಟ ಆಡಿದ್ದಕ್ಕೆ 2006ರಲ್ಲಿ ಬಿಎಂಡಬ್ಲ್ಯು ಕಾರು ಕಂಪನಿಯ ಜರ್ಮನಿ ವೆಬ್‌ಸೈಟನ್ನೇ ಗೂಗಲ್ ಪಟ್ಟಿಯಿಂದ ತೆಗೆದುಹಾಕಿತ್ತು. ಅಂಥಾ ಕಂಪನಿಯನ್ನೇ ಬಿಡದವರು ನನ್ನ ದ್ರಾಕ್ಷಿ ತೋಟವನ್ನ ಬಿಡ್ತಾರಾ?

ಹಾಗಾದ್ರೆ ಎಸ್‌ಇಒ ಪೂರಾ ಸುಳ್ಳಾ? ಇಲ್ಲ. ಇಲ್ಲಿ ನಾನು ನ್ಯಾಯವಾಗಿ ಮಾತಾಡಬೇಕು.

ಗೂಗಲ್ ಕೆಲಸ ಮಾಡೋದು ಹೆಂಗೆ ಅಂದ್ರೆ, ಹಿಂದೆ ಶಾನುಭೋಗರು ಹೊಲ ಹೊಲ ತಿರುಗಿ ಪಹಣಿಯಲ್ಲಿ ಬೆಳೆ ಬರೆದುಕೊಳ್ಳುತ್ತಿದ್ದರಲ್ಲ, ಹಾಗೆ ಅದರ ಯಂತ್ರ ಪುಟ ಪುಟ ಓದಿ ಬರೆದಿಟ್ಟುಕೊಳ್ಳುತ್ತೆ. ಯಾರಾದರೂ ಕೇಳಿದಾಗ ಆ ಪುಸ್ತಕದಿಂದ ತೆಗೆದು ತೋರಿಸುತ್ತೆ. ಯಾರನ್ನ ಮುಂದೆ ನಿಲ್ಲಿಸಬೇಕು ಅನ್ನೋದಕ್ಕೆ 1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಅಂತ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಇಬ್ಬರು ಹುಡುಗರು ಒಂದು ಉಪಾಯ ಮಾಡಿದರು. ನಾವು ಹೆಣ್ಣು ನೋಡೋಕೆ ಹೋಗುವಾಗ ಆ ಊರಲ್ಲಿ ನಾಲ್ಕು ಜನರ ಹತ್ರ ಮನೆತನ ವಿಚಾರಿಸಲ್ವಾ? ಅದೇ. ಒಂದು ಪುಟದ ಬಗ್ಗೆ ಬೇರೆ ಎಷ್ಟು ಪುಟಗಳು ಮಾತಾಡ್ತವೆ, ಹಂಗೆ ಮಾತಾಡೋರು ಎಷ್ಟು ಮರ್ಯಾದಸ್ಥರು ಅಂತ ಲೆಕ್ಕ. ಆಮೇಲೆ ನೂರೆಂಟು ಬೇರೆ ಲೆಕ್ಕಗಳೂ ಸೇರಿಕೊಂಡವು. ಒಳ್ಳೇದೇ. ಆದರೆ ಜನ ಕಾಸು ಕೊಟ್ಟು ನಾಲ್ಕು ಜನರ ಕೈಲಿ "ಒಳ್ಳೆ ಮನೆತನ" ಅಂತ ಹೇಳಿಸೋಕೆ ಶುರು ಮಾಡಿದರು. 2011ರಲ್ಲಿ ಅಮೆರಿಕದ ಜೆಸಿ ಪೆನ್ನಿ ಅನ್ನೋ ದೊಡ್ಡ ಅಂಗಡಿಯವರ ಪರವಾಗಿ ಹಂಗೆ ಕೊಂಡ ಲಿಂಕುಗಳನ್ನ ಸಾವಿರಾರು ಪುಟಗಳಲ್ಲಿ ಹಾಕಿರೋದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಗೂಗಲ್ ಅವರನ್ನ ಕೆಳಗೆ ತಳ್ಳಿತು. ಇದರಿಂದ ಎರಡು ಗೊತ್ತಾಗುತ್ತೆ. ಕಳ್ಳದಾರಿ ಸ್ವಲ್ಪ ದಿನ ನಡೆಯುತ್ತೆ ಅನ್ನೋದು ಒಂದು. ಅಂದ್ರೆ ಮೇಲೆ ಹತ್ತಿಸೋಕೆ ಆಗೋದು ನಿಜ. ಸಿಕ್ಕಿಬಿದ್ದಾಗ ಬೀಳೋದು ಮಾಡಿದವನಲ್ಲ, ಮಾಡಿಸಿಕೊಂಡವನು ಅನ್ನೋದು ಇನ್ನೊಂದು.

ನೆಟ್ಟಗೆ ಮಾಡೋ ಕೆಲಸವೂ ಇದೆ. ಪುಟ ಬೇಗ ತೆರೆಯಬೇಕು, ಮೊಬೈಲಿನಲ್ಲಿ ಓದೋಕೆ ಆಗಬೇಕು, ಏನು ಮಾರ್ತೀವಿ ಎಲ್ಲಿದ್ದೀವಿ ಅಂತ ಸ್ಪಷ್ಟವಾಗಿ ಇರಬೇಕು, ಜನ ಕೇಳೋ ಪ್ರಶ್ನೆಗೆ ನಿಜವಾದ ಉತ್ತರ ಇರಬೇಕು. ಇದರಿಂದ ಲಾಭ ಆಗುತ್ತೆ. ಆದರೆ ಗೂಗಲ್‌ನವರು ತಾವೇ ಬರೆದಿರೋ ಸಲಹೆಯಲ್ಲಿ ಏನು ಹೇಳ್ತಾರೆ ಗೊತ್ತಾ? ಮೊದಲನೇ ಜಾಗ ಕೊಡಿಸ್ತೀನಿ ಅಂತ ಯಾರೂ ಗ್ಯಾರಂಟಿ ಕೊಡೋಕೆ ಆಗಲ್ಲ, ಹಂಗೆ ಹೇಳೋರ ಬಗ್ಗೆ, ಗೂಗಲ್ ಜೊತೆ ನಮಗೆ ವಿಶೇಷ ಸಂಬಂಧ ಇದೆ ಅನ್ನೋರ ಬಗ್ಗೆ ಹುಷಾರು ಅಂತ. ಸರಿಯಾಗಿ ಮಾಡಿದರೂ ಫಲ ಕಾಣೋಕೆ ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಅಂತಲೂ ಹೇಳ್ತಾರೆ. ಮಂಡಿ ಯಜಮಾನನೇ "ನನ್ನ ಹೆಸರು ಹೇಳಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ" ಅಂತ ಬೋರ್ಡ್ ಹಾಕಿದ ಮೇಲೂ ನಾವು ಬೋರ್ಡಿನ ಕೆಳಗೇ ನಿಂತು ದುಡ್ಡು ಎಣಿಸಿ ಕೊಟ್ಟರೆ ಹೆಂಗೆ?

ನನಗೆ ಇದು ನಮ್ಮ ಕಡೆ ನೀರು ನೋಡೋರ ವ್ಯವಹಾರದ ಹಾಗೇ ಕಾಣುತ್ತೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ಪಾಯಿಂಟು. ನಾನು ಎರಡು ಸಲ ಕೊರೆಸಿದೆ, 1,200 ಅಡಿ, ಎರಡೂ ಸಲ ಬರೀ ದೂಳು. ಕಾಯಿ ಹಿಡಿದವರಿಗೆ ಎರಡೂ ಸಲ ದಕ್ಷಿಣೆ ಸಂದಾಯ. ನೀರು ಬಂದರೆ ಅವರ ಕೈಗುಣ, ಬರದಿದ್ದರೆ ನಮ್ಮ ಹಣೆಬರಹ. ಹತ್ತು ಪಾಯಿಂಟಿನಲ್ಲಿ ಮೂರಕ್ಕೆ ನೀರು ಬಂದರೆ ಆ ಮೂರು ಜನ ಊರೆಲ್ಲಾ ಹೇಳ್ಕೊಂಡು ತಿರುಗ್ತಾರೆ. ಏಳು ಜನ ಮರ್ಯಾದೆಗೆ ಅಂಜಿ ಬಾಯಿ ಮುಚ್ಕೊಂಡು ಇರ್ತಾರೆ. ನಾನೂ ಮೂರು ವರ್ಷ ಬಾಯಿ ಮುಚ್ಕೊಂಡಿದ್ದೆ. ನಮ್ಮ ಜಿಲ್ಲೆಯವರೇ, ಗೌರಿಬಿದನೂರಿನ ಹೊಸೂರಿನ ಎಚ್. ನರಸಿಂಹಯ್ಯನವರು ಜೀವಮಾನ ಪೂರ್ತಿ ಇದನ್ನೇ ಹೇಳಿದರು, ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿ ಅಂತ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿಯನ್ನೇ ಮಾಡಿದ್ದರು. ಅವರು ಹುಟ್ಟಿದ ಮಣ್ಣಿನಲ್ಲಿ ಇದ್ದುಕೊಂಡು ನಾವು "ಗ್ಯಾರಂಟಿ" ಅಂದ ತಕ್ಷಣ ಜೇಬಿಗೆ ಕೈ ಹಾಕ್ತೀವಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ. ಭೂಮಿ ಒಳಗೆ ನಮಗೆ ಕಾಣಲ್ಲ. ಗೂಗಲ್ ಒಳಗೆ ನಮ್ಮ ಮಟ್ಟಿಗಾದರೂ ಕಾಣುತ್ತೆ. ಸರ್ಚ್ ಕನ್ಸೋಲ್ ಅಂತ ಒಂದಿದೆ, ಗೂಗಲ್‌ನವರದೇ, ಪುಕ್ಕಟೆ. ಜನ ಏನು ಹುಡುಕಿದಾಗ ನಮ್ಮ ಪುಟ ತೋರಿಸಿತು, ಎಷ್ಟು ಸಲ ತೋರಿಸಿತು, ಎಷ್ಟು ಜನ ಒತ್ತಿದರು, ಎಲ್ಲಾ ಅದರಲ್ಲಿರುತ್ತೆ. ಕಂಪನಿಯವರು ನನಗೆ ಅದನ್ನ ಕೊಡೋಕೆ ಸತಾಯಿಸಿದರು. ಮಗಳು ಬಿಡಲಿಲ್ಲ, ಒಂಬತ್ತನೇ ತಿಂಗಳು ಕೊಟ್ಟರು. ಅಲ್ಲೀವರೆಗೂ ತಿಂಗಳಿಗೊಂದು ಬಣ್ಣದ ರಿಪೋರ್ಟ್ ಬರ್ತಿತ್ತು, "ಇಂಪ್ರೆಷನ್" ಏರುತ್ತಾ ಇದೆ ಅಂತ ಬಾಣದ ಗುರುತು ಹಾಕಿ. ಇಂಪ್ರೆಷನ್ ಅಂದ್ರೆ ನಮ್ಮ ಹೆಸರು ಪಟ್ಟಿಯಲ್ಲಿ ಎಲ್ಲೋ ಬಂತು ಅಂತ ಅಷ್ಟೇ, ಯಾರೂ ನೋಡದೆ ಹೋಗಿರಬಹುದು. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಪಕ್ಕ ಎಷ್ಟು ಜನ ಹಾದುಹೋದರು ಅಂತ ಎಣಿಸಿ ಅದನ್ನ ವ್ಯಾಪಾರ ಅಂದ ಹಾಗೆ. ಒಂಬತ್ತು ತಿಂಗಳಲ್ಲಿ 6,140 ಸಲ ತೋರಿಸಿತ್ತು, ಒತ್ತಿದ್ದು 83. ಅದರಲ್ಲಿ 31 ನಮ್ಮ ತೋಟದ ಹೆಸರು ಹುಡುಕಿ ಬಂದಿದ್ದು. ನಾನು, ನನ್ನ ಮಗಳು, ನೆಂಟರು, ಆ ಹುಡುಗನೂ ಸೇರಿ. ಮಿಕ್ಕಿದ್ದರಲ್ಲಿ ಹೆಚ್ಚು ಏನು ಗೊತ್ತಾ? "ದಿಲ್‌ಕುಶ್ ಇವತ್ತಿನ ರೇಟ್", "ದ್ರಾಕ್ಷಿ ಪ್ರೂನಿಂಗ್ ಯಾವಾಗ", "ಬೂದಿರೋಗಕ್ಕೆ ಔಷಧಿ".

ಇದು ನೋಡಿ ನನಗೆ ಎದೆ ಧಸಕ್ ಅಂತು. ಇವರು ಯಾರೂ ಗಿರಾಕಿಗಳಲ್ಲ. ಇವರು ನಾವೇ! ರೇಟು ಹುಡುಕೋನು ಮಾರೋನು, ರೈತ. ನಾನೂ ದಿನಾ ಹುಡುಕ್ತೀನಿ, ನೀವೂ ಹುಡುಕ್ತೀರ. ಚಿಂತಾಮಣಿ ಟೊಮೇಟೊ ರೇಟು ಅಂತ ಬೆಳಿಗ್ಗೆ ಎದ್ದು ಗೂಗಲ್ ಮಾಡೋನು ಟೊಮೇಟೊ ತಿನ್ನೋನಲ್ಲ, ಟೊಮೇಟೊ ಬೆಳೆದೋನು.

ಇನ್ನೊಂದು ನನ್ನದೇ ಲೆಕ್ಕ. ಮೊದಲಿಂದಲೂ ಫೋನ್ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೆ. ಹೊಸ ನಂಬರಿನಿಂದ ಬಂದರೆ "ಎಲ್ಲಿ ನೋಡಿ ಫೋನ್ ಮಾಡಿದ್ರಿ?" ಅಂತ ಕೇಳಿ ಬರೆದುಕೊಳ್ಳೋದು. ವರ್ಷದಲ್ಲಿ ವೆಬ್‌ಸೈಟ್ ನೋಡಿ ಬಂದ ಫೋನು 17. ಆರು ಜನ ನನಗೇ ಏನೋ ಮಾರೋಕೆ ಬಂದವರು, ಸಾಲ, ಇನ್ಶೂರೆನ್ಸು, ಇನ್ನೊಂದು ಎಸ್‌ಇಒ. ಐದು ಜನ ರೈತರು, ನಿಮಗೆ ಎಷ್ಟಕ್ಕೆ ಹೋಯ್ತು ಅಣ್ಣ ಅಂತ. ಮೂರು ಜನ ಜಯನಗರದ ಕಡೆಯವರು, ಎರಡು ಕೆ.ಜಿ. ಮನೆಗೆ ತಂದುಕೊಡ್ತೀರಾ ಅಂತ. ಒಬ್ಬ ಇಪ್ಪತ್ತು ಟನ್ ಬೀಜ ಇಲ್ಲದ ಬಿಳಿ ದ್ರಾಕ್ಷಿ ಬೇಕು ಅಂದ, ಆ ಫೋಟೋ ಪುಣ್ಯ. ನಿಜವಾಗಿ ತೋಟಕ್ಕೆ ಬಂದು ಹಣ್ಣು ತಗೊಂಡೋರು ಇಬ್ಬರು. ಒಟ್ಟು 45 ಕೆ.ಜಿ., 2,700 ರೂಪಾಯಿ. ಕೊಟ್ಟಿದ್ದು 42,000.

ತಪ್ಪು ಪೂರ್ತಿ ಅವರದೇ ಅಂತ ನಾನು ಹೇಳಲ್ಲ. ನನ್ನದೂ ಇತ್ತು. ಔಷಧಿ ಹೊಡೆಯುವಾಗ ಫೋನ್ ಮನೇಲಿರ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಮ್ಮ ಅಂಗಡಿ ತೆರೆದಿರೋದೇ ಬೆಳೆಗೆ ಇಪ್ಪತ್ತು ದಿನ. ಹಣ್ಣಾಗೋ ಹೊತ್ತಿಗೆ ವ್ಯಾಪಾರಿ ಬಂದು ತೋಟ ನೋಡಿ ಅಡ್ವಾನ್ಸ್ ಕೊಟ್ಟು ಹೋಗಿರ್ತಾನೆ. ಆಮೇಲೆ ಫೋನ್ ಮಾಡೋ ಗೂಗಲ್ ಗಿರಾಕಿಗೆ ಕೊಡೋಕೆ ನನ್ನ ಹತ್ರ ಏನಿದೆ? ಅಡ್ವಾನ್ಸ್ ತಗೊಳ್ಳದೆ ಗೂಗಲ್ ನಂಬಿಕೊಂಡು ಕೂತರೆ ಒಂದು ಮಳೆಗೆ ಹಣ್ಣು ಸೀಳಿಕೊಂಡು ಹೋಗುತ್ತೆ.

ಈಗ ನಮ್ಮ ಗುಂಪಿನ ಅರವತ್ತು ಜನ ಏನು ಬೆಳೀತೀವಿ ಅಂತ ನೋಡಿ. ಅರ್ಧಕ್ಕಿಂತ ಜಾಸ್ತಿ ಹಿಪ್ಪುನೇರಳೆ. ನಮ್ಮ ಗೂಡು ಹೋಗೋದು ಶಿಡ್ಲಘಟ್ಟ ಮಾರುಕಟ್ಟೆಗೆ. ಜಾಲರಿಯಲ್ಲಿ ಸುರಿದಿರೋ ಲಾಟನ್ನ ರೀಲರು ಕೈಯಲ್ಲಿ ಹಿಡಿದು ಅಮುಕಿ ನೋಡಿ, ಕಿವಿ ಹತ್ರ ಅಲ್ಲಾಡಿಸಿ, ಆಮೇಲೆ ಇ-ಹರಾಜಿನಲ್ಲಿ ಕೂಗ್ತಾನೆ. ಅವನು ಗೂಗಲ್‌ನಲ್ಲಿ "ಒಳ್ಳೆ ಗೂಡು" ಅಂತ ಯಾಕೆ ಹುಡುಕ್ತಾನೆ? ಬೆಳಿಗ್ಗೆ ಮಾರುಕಟ್ಟೆಗೆ ಬಂದರೆ ಊರೂರ ಗೂಡು ಅವನ ಕಾಲ ಬುಡದಲ್ಲಿರುತ್ತೆ. ಟೊಮೇಟೊ ಚಿಂತಾಮಣಿಗೋ ಕೋಲಾರಕ್ಕೋ ಹೋಗುತ್ತೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿತಲ್ಲ, ಆಗ ಬಂದ ವ್ಯಾಪಾರಿಗಳು ಯಾರ ವೆಬ್‌ಸೈಟ್ ನೋಡಿ ಬಂದರು? ಮಾಲು ಇಲ್ಲದ ಕಾಲಕ್ಕೆ ಅವರೇ ಹೊಲದ ಬದುವಿಗೆ ಬಂದು ನಿಲ್ತಾರೆ. ಮಾಲು ಜಾಸ್ತಿಯಾಗಿ ರಸ್ತೆಗೆ ಸುರಿಯೋ ಕಾಲಕ್ಕೆ ಗೂಗಲ್‌ನಲ್ಲಿ ಮೊದಲು ಬಂದರೂ ಯಾರೂ ಬರಲ್ಲ. ಸೇವಂತಿಗೆ ಹೂವಿನದೂ ಅದೇ ಕಥೆ, ರಾತ್ರಿ ಕಿತ್ತು ಬೆಳಿಗ್ಗೆ ಚಿಕ್ಕಬಳ್ಳಾಪುರ ಮಾರುಕಟ್ಟೆಗೆ ಹಾಕದಿದ್ದರೆ ಸಂಜೆಗೆ ಕಸ.

ಹುಡುಕದೇ ಇರೋ ಗಿರಾಕಿಗೆ ಹುಡುಕಾಟದಲ್ಲಿ ಮೊದಲು ಕಾಣಿಸಿಕೊಂಡು ಏನು ಮಾಡೋದು?

ಹಂಗಾದ್ರೆ ಯಾರಿಗೆ ಉಪಯೋಗ? ಇದೆ, ನಮ್ಮಲ್ಲೇ ಇದೆ. ನಮ್ಮ ಭಾವಮೈದ ಗೌರಿಬಿದನೂರು ರಸ್ತೆಯಲ್ಲಿ ಸಸಿ ನರ್ಸರಿ ಇಟ್ಟಿದ್ದಾನೆ. ಅವನ ಹತ್ರ ಬರೋರು ಹುಡುಕಿಕೊಂಡೇ ಬರ್ತಾರೆ, ಯಾಕಂದ್ರೆ ಸಸಿ ಎಲ್ಲಿ ಸಿಗುತ್ತೆ ಅಂತ ಅವರಿಗೆ ಗೊತ್ತಿರಲ್ಲ, ವರ್ಷಕ್ಕೊಂದ್ಸಲ ಬೇಕಾಗೋ ವಸ್ತು. ನಂದಿ ಬೆಟ್ಟದ ಬುಡದಲ್ಲಿ ಎರಡು ರೂಮು ಕಟ್ಟಿಕೊಂಡು ಹೋಂಸ್ಟೇ ಮಾಡಿರೋ ಸಂಬಂಧಿಕರೊಬ್ಬರಿದ್ದಾರೆ. 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆ ಅನಾವರಣ ಆದ ಮೇಲೆ ಶನಿವಾರ ಭಾನುವಾರ ಆ ರಸ್ತೆ ನಿಮಗೇ ಗೊತ್ತು. ಬೆಂಗಳೂರಿನವರು ಕಾರಿನಲ್ಲಿ ಕೂತೇ "ಹತ್ತಿರದಲ್ಲಿ ರೂಮು" ಅಂತ ಹುಡುಕ್ತಾರೆ. ಅವರಿಗೆ ಫೋನ್ ಬರ್ತಾನೇ ಇರುತ್ತೆ. ಇಬ್ಬರೂ ಯಾವ ಕಂಪನಿಗೂ ಒಂದು ರೂಪಾಯಿ ಕೊಟ್ಟಿಲ್ಲ. ಗೂಗಲ್ ಮ್ಯಾಪಿನಲ್ಲಿ ಪುಕ್ಕಟೆ ಜಾಗ ಗುರುತು ಹಾಕಿದರು, ತಮ್ಮದೇ ಫೋಟೋ, ಫೋನ್ ನಂಬರು, ತೆರೆಯೋ ಹೊತ್ತು. ಬಂದವರ ಹತ್ರ ನಾಲ್ಕು ಸಾಲು ಬರೆಸಿದರು, ಬೈದು ಬರೆದವರಿಗೂ ಮರ್ಯಾದೆಯಾಗಿ ಉತ್ತರ ಕೊಟ್ಟರು. ಮ್ಯಾಪಿನಲ್ಲಿ ಯಾರು ಮುಂದೆ ಅನ್ನೋದಕ್ಕೆ ಗೂಗಲ್ ಹೇಳೋ ಲೆಕ್ಕ ಮೂರು: ಹುಡುಕಿದ್ದಕ್ಕೂ ನಿಮಗೂ ಹೊಂದುತ್ತಾ, ಎಷ್ಟು ಹತ್ತಿರ ಇದ್ದೀರ, ಎಷ್ಟು ಜನಕ್ಕೆ ನೀವು ಗೊತ್ತು. ದುಡ್ಡು ಕೊಟ್ಟು ಇದರಲ್ಲಿ ಮುಂದೆ ಬರೋಕೆ ಆಗಲ್ಲ ಅಂತಲೂ ಅವರೇ ಬರೆದಿದ್ದಾರೆ.

ಊರಿನ ಹೆಸರಿನ ವಿಚಾರ ಒಂದು ಸಣ್ಣ ಮಾತು. ಇಂಗ್ಲಿಷಿನಲ್ಲಿ ನಮ್ಮ ಊರುಗಳನ್ನ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಚಿಕ್ಕಬಳ್ಳಾಪುರಕ್ಕೆ ರೈಲ್ವೆಯವರದು ಒಂದು, ಬಸ್ಸಿನವರದು ಒಂದು. ಶಿಡ್ಲಘಟ್ಟಕ್ಕೆ ಕೆಲವರು "ಎಸ್" ಮಾತ್ರ ಹಾಕ್ತಾರೆ, ಕೆಲವರು "ಎಸ್‌ಎಚ್". ಗೌರಿಬಿದನೂರಿಗೆ "ಜಿಎಯು", "ಜಿಒಡಬ್ಲ್ಯು" ಎರಡೂ ಇದೆ. ಒಂದು ಸಾಲಿನಲ್ಲಿ ಎರಡು ಥರ ಬರೆದು, ಕನ್ನಡದಲ್ಲೂ ಬರೆದರೆ ಒಳ್ಳೇದು. ಇದಕ್ಕೆ ಹತ್ತು ನಿಮಿಷ ಸಾಕು. ನನಗೆ ಇದನ್ನೇ "ಲೋಕಲ್ ಎಸ್‌ಇಒ ಪ್ಯಾಕೇಜು" ಅಂತ ಮಾರಿದ್ದರು.

ಗುಂಪಿನಲ್ಲಿ ನನ್ನ ಮೇಲೆ ಕೋಪ ಇರೋ ಸ್ನೇಹಿತ ಏನು ಹೇಳ್ತಾನೆ ನನಗೆ ಗೊತ್ತು. "ನಿನಗೆ ಕೆಟ್ಟ ಕಂಪನಿ ಸಿಕ್ತು, ಎಲ್ಲರೂ ಹಂಗೇ ಇರ್ತಾರಾ? ನೀನೊಬ್ಬ ಮಾಡಿದ್ದು, ನಾವು ಅರವತ್ತು ಜನ. ನಮ್ಮದೇ ಬ್ರಾಂಡ್ ಆಗುತ್ತೆ, ದಲ್ಲಾಳಿ ತಪ್ಪುತ್ತೆ." ದಲ್ಲಾಳಿ ತಪ್ಪಬೇಕು ಅನ್ನೋ ಆಸೆ ನನಗೂ ಇದೆ ಅಪ್ಪಾ, ನಿನಗಿಂತ ಹೆಚ್ಚಾಗೇ ಇದೆ. ಆದರೆ ವೆಬ್‌ಸೈಟ್ ಮೇಲೆ ಬಂದು ಬೆಂಗಳೂರಿನಿಂದ ಐವತ್ತು ಆರ್ಡರ್ ಬಂತು ಅಂತಲೇ ಇಟ್ಕೋ. ಹಣ್ಣನ್ನ ಯಾರು ಆರಿಸ್ತಾರೆ, ಡಬ್ಬಿಗೆ ಯಾರು ತುಂಬ್ತಾರೆ, ಗಾಡಿ ಯಾರದು, ಕೊಳೆತಿದೆ ಅಂತ ವಾಪಸ್ ಬಂದರೆ ನಷ್ಟ ಯಾರದು? ಈ ನಾಲ್ಕಕ್ಕೆ ಉತ್ತರ ಇದ್ದರೆ ವೆಬ್‌ಸೈಟ್ ಇಲ್ಲದೆ ವಾಟ್ಸಾಪಿನಲ್ಲೇ ಶುರು ಮಾಡಬಹುದು, ನಾನು ಲಾಕ್‌ಡೌನಿನಲ್ಲಿ ಮಾಡಿದ್ದು ಅದೇ. ಉತ್ತರ ಇಲ್ಲದಿದ್ದರೆ ಮೊದಲನೇ ಪುಟ ತಗೊಂಡು ಏನು ಮಾಡೋದು? ಆಮೇಲೆ ಕಾಲವೂ ಬದಲಾಗ್ತಾ ಇದೆ. 2024ರ ಆಗಸ್ಟಿನಿಂದ ಗೂಗಲ್ ನಮ್ಮ ದೇಶದಲ್ಲೂ ಎಷ್ಟೋ ಪ್ರಶ್ನೆಗೆ ಎಐ ಉತ್ತರವನ್ನ ಮೇಲ್ಗಡೆ ತಾನೇ ಕೊಡ್ತಾ ಇದೆ. ಜನ ಅದನ್ನ ಓದಿ ಸುಮ್ಮನಾಗಬಹುದು, ಕೆಳಗಿನ ಪುಟ ಒತ್ತದೇನೂ ಇರಬಹುದು. ಈಗ ಅದೇ ಹುಡುಗರು "ಎಐ ಎಸ್‌ಇಒ" ಅಂತ ಹೊಸ ಪ್ಯಾಕೇಜು ತರ್ತಾವ್ರೆ. ಹಳೇ ಕಾಯಿ, ಹೊಸ ಅಂಗೈ.

ಕೊಡಲೇಬೇಕು ಅಂತ ಗುಂಪು ತೀರ್ಮಾನ ಮಾಡಿದರೆ ಮಾಡಲಿ, ನಾನು ಅಡ್ಡ ಮಲಗಲ್ಲ. ಆದರೆ ಕಾಗದದಲ್ಲಿ ಬರೆಸ್ಕೊಳ್ಳಿ. ಸರ್ಚ್ ಕನ್ಸೋಲು ಮೊದಲನೇ ದಿನದಿಂದ ನಮ್ಮ ಹೆಸರಲ್ಲಿ. ರಿಪೋರ್ಟಿನಲ್ಲಿ ಇಂಪ್ರೆಷನ್ ಬೇಡ, ಬಂದ ಫೋನು ಎಷ್ಟು ಅಂತ ಬೇಕು. ವರ್ಷದ ದುಡ್ಡು ಮುಂಗಡ ಇಲ್ಲ, ತಿಂಗಳು ತಿಂಗಳು. ಎಲ್ಲಕ್ಕಿಂತ ಮುಖ್ಯ, ವೆಬ್‌ಸೈಟ್ ವಿಳಾಸ, ಅದೇ ಡೊಮೈನು, ಗುಂಪಿನ ಹೆಸರಲ್ಲೇ ನೋಂದಣಿ ಆಗಬೇಕು, ಪಾಸ್‌ವರ್ಡ್ ನಮ್ಮ ಕೈಲಿರಬೇಕು. ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ನನ್ನದು ಅವರ ಹೆಸರಲ್ಲಿತ್ತು. ನಾನು ದುಡ್ಡು ನಿಲ್ಲಿಸಿದೆ, ಅವರು ವಿಳಾಸ ನವೀಕರಣ ಮಾಡಿಸಲಿಲ್ಲ. ಯಾರೋ ಅದನ್ನ ಕೊಂಡುಕೊಂಡರು. ಈಗ ನಮ್ಮ ಅಮ್ಮನ ಹೆಸರಿನ ಆ ವಿಳಾಸ ಒತ್ತಿದರೆ ರಮ್ಮಿ ಆಟದ ಜಾಹೀರಾತು ತೆರೆದುಕೊಳ್ಳುತ್ತೆ. ಅಮ್ಮ ತೀರಿಕೊಂಡು ಒಂಬತ್ತು ವರ್ಷ. ಇಸ್ಪೀಟೆಲೆ ಕಂಡರೆ ಆಗ್ತಿರಲಿಲ್ಲ ಅವಳಿಗೆ, ನಮ್ಮಪ್ಪ ಅದರಲ್ಲೇ ಅರ್ಧ ಎಕರೆ ಕಳೆದಿದ್ದ. ಆ ಹೆಸರು ಇಲ್ಲಿ ಬರೆಯಲ್ಲ. ಬರೆದರೆ ನೀವು ಹುಡುಕ್ತೀರ, ಒತ್ತುತೀರ, ಅವರ ಕ್ಲಿಕ್ಕು ಇನ್ನಷ್ಟು ಏರುತ್ತೆ.

ಮಗಳು ಹೋದ ವರ್ಷ ತೋಟವನ್ನ ಮ್ಯಾಪಿನಲ್ಲಿ ಹಾಕಿದಳು, ಪುಕ್ಕಟೆ. ಎರಡು ಫೋಟೋ, ಕಪ್ಪು ದ್ರಾಕ್ಷಿದೇ. "ಬೆಂಗಳೂರು ಬ್ಲೂ, ಔಷಧಿ ಹೊಡೆದ ದಿನ ಕೇಳಿದರೆ ಹೇಳ್ತೀವಿ" ಅಂತ ಬರೆದಿದ್ದಾಳೆ. ಅದನ್ನ ನೋಡಿ ಯಲಹಂಕದಿಂದ ಒಬ್ಬರು ಹೆಂಗಸು ಫೋನ್ ಮಾಡಿದ್ದರು. ಜಾಮ್ ಮಾಡೋಕೆ ಹುಳಿ ಇರೋ ಹಣ್ಣೇ ಬೇಕಂತೆ, ಅಂಗಡಿಯಲ್ಲಿ ಸಿಗಲ್ವಂತೆ. ಇಪ್ಪತ್ತು ಕೆ.ಜಿ. ತಗೊಂಡು ಹೋದರು, ಮುಂದಿನ ಬೆಳೆಗೆ ಅವರ ಅಕ್ಕನನ್ನೂ ಕರೆದುಕೊಂಡು ಬಂದರು. ಫೋನಿನಲ್ಲಿ ಅವರ ಹೆಸರು "ಗೂಗಲ್ ಅಮ್ಮ" ಅಂತ ಸೇವ್ ಮಾಡಿದ್ದೀನಿ. ಮೊನ್ನೆ ಕೇಳಿದರು, ಈ ಸಲ ಯಾವಾಗ ಹಣ್ಣಾಗುತ್ತೆ ಅಂತ. ಈಗಿನ್ನೂ ಚಿಗುರು ಕಟ್ತಾ ಇದೀನಮ್ಮ ಅಂದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಡೇರಿ ಹತ್ರ ಬರ್ತೀನಿ. ಎರಡು ಸಾವಿರ ತರಲ್ಲ, ನೋಟ್‌ಬುಕ್ ತರ್ತೀನಿ, ಬೇಕಾದವರು ನೋಡಬಹುದು. ನಿಮ್ಮಲ್ಲಿ ಯಾರಾದರೂ ಈಗಾಗಲೇ ದುಡ್ಡು ಕೊಟ್ಟು ಮಾಡಿಸಿದ್ದರೆ, ಲಾಭ ಆಗಿರಲಿ ನಷ್ಟ ಆಗಿರಲಿ, ಎಷ್ಟು ಕೊಟ್ಟಿರಿ, ಎಷ್ಟು ಫೋನು ಬಂತು ಅಂತ ಕೆಳಗೆ ಬರೆಯಿರಿ. ಕಂಪನಿ ಹೆಸರು ಬೇಡ, ಲೆಕ್ಕ ಸಾಕು.